ಎರಡು ಬೆರಳು ಸಡಿಲ

ನನ್ನ ಹೊಲಿಗೆ ಟೇಬಲ್ಲಿಗೆ ಮೂರು ಡ್ರಾಯರ್ ಇವೆ. ಮೇಲಿನದರಲ್ಲಿ ಸೂಜಿ, ಬಾಬಿನ್, ಸೀಮೆಸುಣ್ಣ. ನಡುವಿನದರಲ್ಲಿ ಗುಂಡಿ, ಎಲಾಸ್ಟಿಕ್, ಹುಕ್ಕು. ಕೆಳಗಿನದರಲ್ಲಿ ಒಂದೇ ಒಂದು ಕಪ್ಪು ಚಡ್ಡಿ ಇದೆ, ಹೆಗಲಿಗೆ ಪಟ್ಟಿ ಇರುವಂಥದ್ದು. ಸೈಕಲ್ ರೇಸಿನ ಹುಡುಗರು ಅದನ್ನು ಬಿಬ್ ಅನ್ನುತ್ತಾರೆ. ಮೂರು ವರ್ಷದಿಂದ ಅದು ಅಲ್ಲೇ ಇದೆ. ಎಸೆಯಲು ಕೈ ಬಂದಿಲ್ಲ, ಮೊನ್ನೆಮೊನ್ನೆಯತನಕ ತೆಗೆದು ನೋಡಲೂ ಧೈರ್ಯ ಬಂದಿರಲಿಲ್ಲ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಯಾವಾಗಲೂ ಇರುತ್ತದೆ. ಅದು ಕಿವಿಗೆ ಎಷ್ಟು ಒಗ್ಗಿದೆಯೆಂದರೆ ಅದು ನಿಂತಾಗಲೇ ನಮಗೆ ಗೊತ್ತಾಗುವುದು. ಕರೆಂಟು ಹೋಗಿ ಎಲ್ಲ ಮಗ್ಗಗಳೂ ಒಮ್ಮೆಲೇ ಸುಮ್ಮನಾದಾಗ, ನಡುಮಧ್ಯಾಹ್ನದ ಬಿಸಿಲಲ್ಲೂ ನನಗೆ ಒಂದು ಹುಡುಗಿಯ ದನಿ ಕೇಳುತ್ತದೆ. 'ಸರಿ ಐತ್ರಿ ಆಂಟಿ.' ಅಷ್ಟೇ. ಬಯ್ದಿದ್ದರೆ ಮರೆಯುತ್ತಿದ್ದೆನೋ ಏನೋ.

ಅವಳನ್ನು ಮೊದಲು ನನ್ನ ಅಂಗಡಿಗೆ ಕರೆತಂದವರು ಜಮಖಂಡಿಯ ಸೈಕಲ್ ಕೋಚ್. ಅವಳಿಗಾಗ ಹದಿನೈದು. ತಾಯಿ ಇದೇ ಓಣಿಯಲ್ಲಿ ಕಂಡಿಕೆ ಸುತ್ತುವಾಕೆ, ಅಂದರೆ ಮಗ್ಗಕ್ಕೆ ಬೇಕಾದ ನೂಲನ್ನು ಸಣ್ಣ ಕೊಳವೆಗೆ ಸುತ್ತಿ ಕೊಡುವ ಕೆಲಸ. ಅಂಗಡಿಯಲ್ಲಿ ಸಿಗುವ ಬಿಬ್ ಯಾವುದೂ ಹುಡುಗಿಗೆ ಕೂಡುತ್ತಿಲ್ಲ, ನೀವೇ ಹೊಲಿದುಕೊಡಬೇಕು ಎಂದು ಕೋಚ್ ಮಾದರಿಗೆ ಒಂದು ಹಳೆಯದನ್ನು ಕೊಟ್ಟರು. ಜಗ್ಗಿದರೆ ಹಿಗ್ಗುವ ಬಟ್ಟೆ, ಕೂರುವ ಜಾಗಕ್ಕೆ ಮೆತ್ತನೆಯ ಪ್ಯಾಡ್. ನಾನು ಆ ತನಕ ಸಾಲಿ ಮಕ್ಕಳ ಯುನಿಫಾರ್ಮಿಗೆ ಹೆಸರಾದವಳು. ಹೆಸರು ಬಂದದ್ದು ಹೊಲಿಗೆಯ ಚೆಂದಕ್ಕಲ್ಲ, ಒಳಗೆ ಬಿಡುವ ಬಟ್ಟೆಗೆ. ಯಾವ ಪ್ಯಾಂಟು, ಯಾವ ಲಂಗ ಬಿಚ್ಚಿ ನೋಡಿದರೂ ಒಳಗೆ ಎರಡು ಬೆರಳು ಮಡಚಿಟ್ಟಿರುತ್ತೇನೆ. ಮಗು ಬೆಳೆದರೆ ಮುಂದಿನ ಜೂನಿನಲ್ಲಿ ಬಿಚ್ಚಿ ಹಿಗ್ಗಿಸಬಹುದು. ತಾಯಂದಿರು ಅದಕ್ಕೇ ತೇರದಾಳದಿಂದ ಬಸ್ಸು ಹಿಡಿದು ಬರುತ್ತಿದ್ದರು.

"ಬೆಳಿಯೋ ಹುಡುಗಿರೀ ಅಕ್ಕಾರ. ಎರಡ ಬೆರಳ ಸಡಲ ಇರ್ಲಿ" ಎಂದು ಆ ತಾಯಿಯೂ ಹೇಳಿದಳು.

ನನಗೆ ಹೇಳಿಸಿಕೊಳ್ಳಬೇಕಾಗಿರಲೇ ಇಲ್ಲ. ಅಳತೆಗಿಂತ ಒಂದು ಸೈಜು ದೊಡ್ಡದು ಕತ್ತರಿಸಿದೆ. ತೊಡೆಯ ಒಳಹೊಲಿಗೆಯಲ್ಲಿ ಅರ್ಧ ಇಂಚು ಬಟ್ಟೆ ಮಡಚಿ ಬಿಟ್ಟು, ಮೇಲೆ ಅಂಚು ಬಿಗಿಯುವ ಓವರ್‌ಲಾಕ್ ಹೊಲಿಗೆ ಹೊಡೆದೆ. ಆ ಮಡಿಕೆ ಬೆರಳಿಗೆ ಸಣ್ಣ ಬದುವಿನ ಹಾಗೆ ಸಿಗುತ್ತಿತ್ತು. ಎಂಥ ಮುಂದಾಲೋಚನೆ ನನ್ನದು ಎಂದು ಒಳಗೊಳಗೇ ಬೀಗಿದ್ದೂ ನೆನಪಿದೆ. ಹುಡುಗಿ ಹಾಕಿಕೊಂಡು ಪರದೆಯಾಚೆ ಬಂದು ನೆಟ್ಟಗೆ ನಿಂತಳು. "ಸರಿ ಐತಿಲ್ಲ?" ಅಂದೆ. "ಸರಿ ಐತ್ರಿ ಆಂಟಿ" ಅಂದಳು.

ಅವಳು ಅದನ್ನು ಹಾಕಿಕೊಂಡು ದಿನಾ ಬೆಳಿಗ್ಗೆ ಜಮಖಂಡಿಗೆ ಹೋಗಿ, ಅಲ್ಲಿಂದ ಹುನ್ನೂರ ದಾಟಿ ಮುಧೋಳ ರಸ್ತೆಗೆ ಸೈಕಲ್ ಹೊಡೆಯುತ್ತಿದ್ದಳು. ಒಂದು ನಿಮಿಷಕ್ಕೆ ಎಂಬತ್ತು ತೊಂಬತ್ತು ಸಲ ಪೆಡಲ್ ತಿರುಗುತ್ತದೆ. ಅಷ್ಟೂ ಸಲ ಆ ಬದು ಒಂದೇ ಕಡೆ ಉಜ್ಜುತ್ತದೆ. ಕೆಂಪಾಯಿತು, ಗುಳ್ಳೆಯಾಯಿತು, ಕುರುವಾಯಿತು. ಆಗಿದ್ದು ಯಾರಿಗೂ ತೋರಿಸಲಾಗದ ಜಾಗದಲ್ಲಿ. ಕೋಚ್ ಗಂಡಸು, ತಾಯಿ ಬೆಳಿಗ್ಗೆಯಿಂದ ಸಂಜೆತನಕ ಕೆಲಸದಲ್ಲಿ. ಹುಡುಗಿ ಬಾಯಿ ಬಿಡಲಿಲ್ಲ. ಕ್ರೀಡಾ ಹಾಸ್ಟೆಲ್ಲಿನ ಆಯ್ಕೆಯ ದಿನ ಮೈಯಲ್ಲಿ ಜ್ವರ ಇಟ್ಟುಕೊಂಡೇ ಬೀಳಗಿ ರಸ್ತೆಯಲ್ಲಿ ಓಡಿಸಿದಳಂತೆ. ಅರ್ಧದಲ್ಲಿ ಇಳಿದು ಸೈಕಲ್ಲನ್ನು ಹಿಡಿದುಕೊಂಡು ನಿಂತುಬಿಟ್ಟಳಂತೆ. ಅವತ್ತೇ ಆಸ್ಪತ್ರೆಗೆ ಹಾಕಿ ಕೊಯ್ದು ಕೀವು ತೆಗೆದರು. ಗಾಯ ಮಾಯಲು ಬಹಳ ದಿನ ಹಿಡಿಯಿತು. ಅವಳು ಮತ್ತೆ ಸೈಕಲ್ ಹತ್ತಲಿಲ್ಲ.

ತಾಯಿ ಆ ಬಿಬ್ಬನ್ನು ತೊಳೆದು, ಇಸ್ತ್ರಿ ಮಾಡಿದ ಹಾಗೆ ಮಡಚಿ ತಂದು ನನ್ನ ಟೇಬಲ್ಲಿನ ಮೇಲಿಟ್ಟಳು. "ಇದು ಇನ್ನ ಬ್ಯಾಡ್ರಿ" ಅಂದಳು. ಬಯ್ಯಲಿಲ್ಲ. ಅವಳು ಹೋದ ಮೇಲೆ ನಾನು ಬಟ್ಟೆಯನ್ನು ಒಳಮಗ್ಗಲು ಮಾಡಿ ಬೆರಳಾಡಿಸಿದೆ. ನನ್ನ ಬದು ಹಾಗೇ ಇತ್ತು, ಒಂದು ಹೊಲಿಗೆಯೂ ಸಡಲಿರಲಿಲ್ಲ. ಅವತ್ತು ಅದನ್ನು ಡ್ರಾಯರಿಗೆ ಹಾಕಿದವಳು ಮತ್ತೆ ಅತ್ತ ಹೋಗಿರಲಿಲ್ಲ.

ಆಮೇಲೆ ಫ್ಲ್ಯಾಟ್‌ಲಾಕ್ ಮಷಿನ್ ತಂದೆ. ಅದು ಎರಡು ಅಂಚನ್ನೂ ಚಪ್ಪಟೆಯಾಗಿ ಕೂಡಿಸುತ್ತದೆ, ಬದು ಉಳಿಯುವುದಿಲ್ಲ. ಆದರೂ ಅದರಲ್ಲಿ ನಾನು ಬರೀ ಟೀ ಶರ್ಟು, ಟ್ರ್ಯಾಕ್ ಪ್ಯಾಂಟು ಹೊಲಿದೆ. ಕೆಟ್ಟ ಮೇಲೆ ಬುದ್ಧಿ ಬಂದವಳ ಮಷಿನ್ ಅದು.

ಈ ಸಲ ಕೋಚ್ ಮತ್ತೆ ಬಂದಾಗ ಅವರ ಹಿಂದೆ ಬಾಗಿಲಲ್ಲಿ ನಿಂತಿದ್ದವಳನ್ನು ಕಂಡು ಕತ್ತರಿಯನ್ನು ಟೇಬಲ್ಲಿನ ಮೇಲಿಟ್ಟೆ. ಅದೇ ಹಣೆ, ಅದೇ ನಿಲುವು. ಆ ಹುಡುಗಿಯೇ ಮೂರು ವರ್ಷ ಹಿಂದೆ ಸರಿದು ಬಂದು ನಿಂತಿದ್ದಾಳೆ ಅನ್ನಿಸಿತು.

"ಆಕಿ ತಂಗಿರೀ ಅಕ್ಕಾರ. ಇನ್ನ ಇಪ್ಪತ್ತ ದಿನಕ್ಕ ಹಾಸ್ಟೆಲ್ ಆಯ್ಕಿ ಐತಿ" ಅಂದರು ಕೋಚ್.

"ನನ್ನ ಕಡೆ ಯಾಕ ತಂದ್ರಿ ಸರ್? ಒಂದ ಹುಡುಗಿನ್ನ ಹಾಳ ಮಾಡಿದ್ದು ಸಾಲಲಿಲ್ಲೇನ?"

"ರೆಡಿಮೇಡ್ ಕೂಡವಲ್ದು. ನಾ ಏನ ಮಾಡ್ಲಿ?"

ಅವರು ಚೀಲದಿಂದ ಎರಡು ಬಿಬ್ ತೆಗೆದರು, ಒಂದು ಸ್ಮಾಲ್, ಒಂದು ಮೀಡಿಯಂ. ಒಂದಾದ ಮೇಲೊಂದು ಹಾಕಿಸಿ ನೋಡಿದೆ. ಹುಡುಗಿಗೆ ಎದೆಯಿಂದ ಸೊಂಟದತನಕ ಉದ್ದ, ಕಾಲು ಗಿಡ್ಡ. ಸ್ಮಾಲ್ ತೊಡೆಗೆ ಹೇಳಿ ಮಾಡಿಸಿದಂತಿತ್ತು, ಆದರೆ ಪಟ್ಟಿ ಹೆಗಲನ್ನು ಕೊಯ್ಯುವಂತೆ ಜಗ್ಗುತ್ತಿತ್ತು. ಮೀಡಿಯಮ್ಮಿನ ಪಟ್ಟಿ ಸರಿ ಇತ್ತು, ಕೆಳಗೆ ಪ್ಯಾಡು ಮೈಯಿಂದ ಬಿಟ್ಟುಕೊಂಡು ಜೋತಾಡುತ್ತಿತ್ತು. ಪ್ಯಾಡಿಗೂ ಮೈಗೂ ನಡುವೆ ಸಂದು ಬಿದ್ದರೆ ಅದು ಸರಿದಾಡುತ್ತದೆ, ಸರಿದಾಡಿದರೆ ಉಜ್ಜುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಕ್ಕನ ಅಳತಿ ಇದ್ದೇ ಇರತೈತೆಲ್ರಿ ನಿಮ್ಮ ಕಡೆ. ಅದರಾಗ ಹೊಲೀರಿ" ಅಂದಳು ಸಣ್ಣವಳು.

ಅವಳಿಗೆ ಅದು ಸಹಜವಾದ ಮಾತು. ನನಗಲ್ಲ. ದೊಡ್ಡವಳ ಅಳತೆಯ ಕಾಗದ ಇನ್ನೂ ಗೋಡೆಯ ಮೊಳೆಯಲ್ಲಿ, ಬೇರೆ ಕಾಗದಗಳ ಅಡಿಯಲ್ಲಿ ಇತ್ತು. "ಆಕಿ ಅಳತಿ ಆಕಿಗೆ. ನಿನಗ ಹೊಸದಾಗಿ ತಗೀತೀನಿ" ಎಂದು ಟೇಪು ತೆಗೆದುಕೊಂಡೆ. ಹಾಗೆ ಅಂದದ್ದೇ ಒಪ್ಪಿಕೊಂಡಂತೆ ಆಯಿತು.

ಎದೆ, ಸೊಂಟ, ಪಿರ್ರೆ, ತೊಡೆ. ಆಮೇಲೆ ಹೆಗಲ ಮೇಲಿಂದ ಕಾಲ ಸಂದಿನಲ್ಲಿ ಹಾಯಿಸಿ ಮತ್ತೆ ಹೆಗಲತನಕ ಒಂದು ಸುತ್ತು. ಬಿಬ್ಬಿಗೆ ಈ ಸುತ್ತಿನ ಅಳತೆಯೇ ಮುಖ್ಯ. ಪಿರ್ರೆ ಮೂವತ್ಮೂರು ಇಂಚು ಬಂತು. ಹಿಗ್ಗುವ ಬಟ್ಟೆಯಾದ್ದರಿಂದ ಇಪ್ಪತ್ತೆಂಟಕ್ಕೆ ಕತ್ತರಿಸಬೇಕು. ಇಪ್ಪತ್ತು ವರ್ಷ ಮೈಗಿಂತ ದೊಡ್ಡದು ಕತ್ತರಿಸಿದ ಕೈ ನನ್ನದು. ಮೈಗಿಂತ ಚಿಕ್ಕದು ಕತ್ತರಿಸುವಾಗ ಮಗುವಿನ ತುತ್ತು ಕಸಿದಂತೆ ಅನ್ನಿಸುತ್ತದೆ. ಸೀಮೆಸುಣ್ಣದ ಗೆರೆಯನ್ನು ಮೂರು ಸಲ ಅಳಿಸಿ ಬರೆದೆ.

ಮೊದಲನೆಯದು ನಾಲ್ಕು ದಿನಕ್ಕೆ ತಯಾರಾಯಿತು. ನಿಂತಾಗ ಕಣ್ಣು ತುಂಬುವಂತೆ ಕೂತಿತ್ತು. ಕೋಚ್ ಒಂದು ಸ್ಟ್ಯಾಂಡ್ ತಂದು, ಸೈಕಲ್ಲಿನ ಹಿಂದಿನ ಗಾಲಿಗೆ ಸಿಕ್ಕಿಸಿ ನನ್ನ ಅಂಗಡಿಯ ನಡುವೆ ನಿಲ್ಲಿಸಿದರು. ನಿಂತಲ್ಲೇ ಪೆಡಲ್ ಹೊಡೆಯಬಹುದು. ಹುಡುಗಿ ಹತ್ತಿ ಹ್ಯಾಂಡಲ್ಲಿಗೆ ಬಗ್ಗಿದ್ದೇ ತಡ, ಪಟ್ಟಿ ಹೆಗಲಿಂದ ಜಾರಿತು. ಹೊಟ್ಟೆಯ ಮೇಲೆ ಬಟ್ಟೆ ನೆರಿಗೆಯಾಯಿತು. ಬಗ್ಗಿದಾಗ ಬೆನ್ನು ಉದ್ದವಾಗುತ್ತದೆ, ಮುಂದಿನ ಮೈ ಗಿಡ್ಡವಾಗುತ್ತದೆ. ನಾನು ಮತ್ತೆ ನಿಂತ ಮೈಯನ್ನೇ ಅಳೆದಿದ್ದೆ. ಯುನಿಫಾರ್ಮಿನ ಮಕ್ಕಳು ಪ್ರಾರ್ಥನೆಗೆ ನೆಟ್ಟಗೆ ನಿಲ್ಲುತ್ತಾರೆ. ಇವಳು ಎರಡು ತಾಸು ಬಗ್ಗಿಕೊಂಡೇ ಇರುವವಳು.

ಬಿಚ್ಚಿದೆ. ಈ ಸಲ ಅವಳನ್ನು ಸೈಕಲ್ ಮೇಲೆಯೇ ಕೂರಿಸಿ ಟೇಪು ಹಿಡಿದೆ. ಬೆನ್ನಿನ ತುಂಡು ಉದ್ದ ಮಾಡಿ, ಮುಂದಿನ ಪಟ್ಟಿ ಗಿಡ್ಡ ಮಾಡಿ ಎರಡನೆಯದು ಹೊಲಿದೆ. ಅದನ್ನು ಹಾಕಿ ಕೆಳಗೆ ನಿಂತಾಗ ಹುಡುಗಿ ನಗಲು ಶುರು ಮಾಡಿದಳು.

"ಇದ ನಮ್ಮಜ್ಜಿ ಹಂಗ ಬಗ್ಗಸಾಕತ್ತೈತ್ರಿ ಆಂಟಿ."

"ಹಂಗ ಇರಬೇಕ ಅದು. ನಿಂತಾಗ ಬಿಗಿ, ಬಗ್ಗಿದಾಗ ಸರಿ" ಅಂದರು ಕೋಚ್. ಅವತ್ತು ಅಂಗಡಿಯಲ್ಲಿ ಸ್ವಲ್ಪ ನಗು ಇತ್ತು. ಇನ್ನೇನು ಗೆದ್ದೆ ಅಂದುಕೊಂಡೆ.

ಮರುದಿನ ಅವಳು ಅದನ್ನೇ ಹಾಕಿ ಗಲಗಲಿ ಕಡೆ ದೂರ ಹೋಗಿ ಬಂದು, ನನ್ನ ಅಂಗಡಿಯ ಮುಂದೆ ಇಳಿದಳು. ಇಳಿಯುವಾಗ ಎಡಗಾಲನ್ನು ಒಂದು ಗೇಣು ಅಗಲ ಇಟ್ಟಳು. ಸ್ಟೂಲಿನ ತುದಿಯಲ್ಲಿ, ಒಂದೇ ಮಗ್ಗಲಿಗೆ ಕೂತಳು.

"ಸರಿ ಐತಿಲ್ಲ?" ಅಂದೆ.

"ಸರಿ ಐತ್ರಿ ಆಂಟಿ."

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ನಿಂತವು. ಆ ಮೌನದಲ್ಲಿ ಅವಳ ಮಾತು ಅವಳದಾಗಿ ಕೇಳಲಿಲ್ಲ. ಅದೇ ದನಿ, ಅದೇ ಇಳಿತ. ಕೆಳಗಿನ ಡ್ರಾಯರಿನಿಂದಲೇ ಬಂತೇನೋ ಅನ್ನಿಸಿತು. ಖರೆ ಹೇಳು ಎಂದು ಗದರಿದೆ, ಪುಸಲಾಯಿಸಿದೆ, ಚಹಾ ಕುಡಿಸಿದೆ. ನೆಲ ನೋಡುತ್ತ ಮತ್ತೆ ಅದನ್ನೇ ಅಂದಳು. ಇವಳು ನನಗೆ ಹೇಳುವುದಿಲ್ಲ ಎಂದು ಆಗ ಗೊತ್ತಾಯಿತು. ಆಯ್ಕೆಗೆ ಉಳಿದದ್ದು ಒಂಬತ್ತು ದಿನ.

ಕೈಬಿಟ್ಟುಬಿಡೋಣ, ರೆಡಿಮೇಡನ್ನೇ ಹೇಗೋ ಹೊಂದಿಸಿಕೊಳ್ಳಲಿ, ನನ್ನ ತಲೆಗೆ ಬರುವುದು ಬೇಡ ಎಂದು ಒಂದು ಗಳಿಗೆ ಯೋಚಿಸಿದ್ದು ಸುಳ್ಳಲ್ಲ. ಮೂರು ವರ್ಷದ ಹಿಂದೆ ಎಲ್ಲರೂ ಅದನ್ನೇ ಮಾಡಿದ್ದೆವು. ಈ ನೋವು ಎಲ್ಲಿ ಶುರುವಾಗುತ್ತದೆ, ಹೇಗೆ ಬೆಳೆಯುತ್ತದೆ ಎಂದು ಊರಲ್ಲಿ ತಿಳಿದವಳು ಒಬ್ಬಳೇ ಇದ್ದಳು. ಅಂಗಡಿಗೆ ಬೀಗ ಹಾಕಿ ರಬಕವಿಗೆ ನಡೆದೆ.

ದೊಡ್ಡವಳು ರಬಕವಿಯ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಈ ಮೂರು ವರ್ಷ ಅವಳನ್ನು ದಾರಿಯಲ್ಲಿ ಕಂಡಾಗಲೆಲ್ಲ ನಾನು ಓಣಿ ಬದಲಿಸಿದ್ದೇನೆ. ಅವಳು ಗಾದಿಯ ಪಕ್ಕ ನಿಂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಬೇರೆ ಹುಡುಗಿಯರೆಲ್ಲ ಗಾದಿಯ ಮೇಲೆ ಕೂತಿದ್ದರು. ಗಿರಾಕಿಗಳು ಹೋಗುವತನಕ ಕಾದು ಹತ್ತಿರ ಹೋದೆ.

"ನಿನ್ನ ತಂಗಿಗೆ ಹೊಲ್ಯಾಕತ್ತೀನವ್ವಾ. ಆಕಿನೂ ಸರಿ ಐತಿ ಅಂತಾಳ" ಅಂದೆ.

ಅವಳು ಕೈಯಲ್ಲಿದ್ದ ಸೀರೆಯನ್ನು ಮಡಚುತ್ತಲೇ ಇದ್ದಳು. ಅಂಚಿಗೆ ಅಂಚು ಕೂಡಿಸಿ, ಸೆರಗು ಮೇಲೆ ಬರುವಂತೆ ಮಡಚಿ, ಕಪಾಟಿನಲ್ಲಿಟ್ಟಳು.

"ನಾಡಿದ್ದ ನಮ್ಮ ಅಂಗಡಿ ಬಂದ್ ಇರತೈತ್ರಿ. ಬರ್ತೀನಿ" ಅಂದಳು.

ಹೇಳಿದಂತೆ ಬಂದಳು. ನಾನು ಸ್ಟೂಲು ಸರಿಸಿದೆ. "ಇರ್ಲಿ ಬಿಡ್ರಿ" ಎಂದು ಗೋಡೆಗೆ ಒರಗಿ ನಿಂತಳು. ನನ್ನ ಅಂಗಡಿಯಲ್ಲಿ ಕೂರಲು ಅವಳಿಗೆ ಮನಸ್ಸಿಲ್ಲ, ಆ ಸಿಟ್ಟು ನ್ಯಾಯವಾದದ್ದು ಅಂದುಕೊಂಡೆ.

"ಅದು ಐತೇನ್ರಿ ಇನ್ನೂ?"

ನಾನು ಕೆಳಗಿನ ಡ್ರಾಯರ್ ಎಳೆದೆ. ಮೂರು ವರ್ಷ ತೆಗೆಯದ್ದು, ಬಿಗಿ ಹಿಡಿದಿತ್ತು. ಅವಳು ಬಿಬ್ಬನ್ನು ತೆಗೆದುಕೊಂಡು ಒಳಮಗ್ಗಲು ಮಾಡಿ, ಹೊಲಿಗೆಗುಂಟ ಹೆಬ್ಬೆರಳು ಓಡಿಸಿದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ" ಅಂದಳು.

ನನಗೆ ಗೊತ್ತಿದ್ದದ್ದೇ. ಆದರೂ "ಆವಾಗ ಯಾಕ ಹೇಳಲಿಲ್ಲವ್ವಾ?" ಎಂದು ಕೇಳಿಯೇಬಿಟ್ಟೆ. ಮೂರು ವರ್ಷದಿಂದ ನನ್ನೊಳಗೆ ಬಚ್ಚಿಟ್ಟುಕೊಂಡಿದ್ದ ಒಂದೇ ಸಮಾಧಾನ ಅದು. ಅವಳು ಹೇಳಲಿಲ್ಲ, ಹೇಳಿದ್ದರೆ ಬಿಚ್ಚಿ ಹೊಲಿಯುತ್ತಿದ್ದೆ.

"ಒಂದಿನ ಹೇಳಾಕಂತನ ಬಂದಿದ್ನಿರಿ. ಸಾಲಿ ಚಾಲೂ ಆಗೂ ಟೈಮ್, ನಿಮ್ಮ ಮುಂದ ಯುನಿಫಾರ್ಮಿನ ರಾಶಿ ಇತ್ತು. ನೀವು ತಲಿ ಎತ್ತಲಾರದ 'ಸರಿ ಐತಿಲ್ಲ' ಅಂದ್ರಿ. ಹೂಂ ಅಂದ್ನಿ, ಹೋದ್ನಿ." ಬಿಬ್ಬನ್ನು ಟೇಬಲ್ಲಿನ ಮೇಲಿಟ್ಟು ಹೇಳಿದಳು. "ಎಲ್ಲಿ ನೋಯಾಕತ್ತೈತಿ ಅಂತ ಯಾರೂ ಕೇಳಲಿಲ್ರಿ ನನಗ."

ನಾನು ಕೇಳಿದ್ದು ಪ್ರಶ್ನೆಯೇ ಅಲ್ಲ. ಉತ್ತರವನ್ನು ನಾನೇ ಅವಳ ಬಾಯಿಗಿಟ್ಟು ಹೂಂ ಅನ್ನಿಸಿಕೊಂಡಿದ್ದೆ. ಮೊನ್ನೆ ತಂಗಿಗೂ ಅದನ್ನೇ ಮಾಡಿದ್ದೆ. ಬಯ್ಯುವ ದನಿಯಲ್ಲಿ ಅವಳು ಹೇಳಲಿಲ್ಲ. ಬಟ್ಟೆಯ ದರ ಹೇಳುವಷ್ಟು ಸಹಜವಾಗಿ ಹೇಳಿದಳು.

ಅಷ್ಟರಲ್ಲಿ ಸಣ್ಣವಳು ಬಂದಳು. ದೊಡ್ಡವಳೇ ಅವಳನ್ನು ಸ್ಟ್ಯಾಂಡಿನ ಸೈಕಲ್ ಮೇಲೆ ಹತ್ತಿಸಿ, ಮೈ ಬೆವರುವತನಕ ಪೆಡಲ್ ಹೊಡೆಸಿದಳು. ಆಮೇಲೆ ಪರದೆಯ ಹಿಂದೆ ಕರೆದುಕೊಂಡು ಹೋದಳು. ನಾನು ಈಚೆ ನಿಂತು ಕೇಳಿಸಿಕೊಂಡೆ.

"ಎಲ್ಲಿ ನೋಯಾಕತ್ತೈತಿ?"

"ಸರಿ ಐತಿ ಅಕ್ಕಾ."

"ಸರಿ ಐತೇನು ಅಂತ ಕೇಳಾಕತ್ತಿಲ್ಲ ನಾ. ಎಲ್ಲಿ?"

ಆಮೇಲೆ ಸಣ್ಣ ದನಿ. "ಎಡಕ್ಕ. ಪ್ಯಾಡಿನ ಅಂಚ ಹತ್ತತೈತಿ."

ಪರದೆಯ ಮೇಲಿಂದ ಒಳಚಡ್ಡಿಯೊಂದು ಹಾರಿ ಬಂದು ಸ್ಟೂಲಿನ ಮೇಲೆ ಬಿತ್ತು. "ಇದರ ಒಳಗ ಬ್ಯಾರೆ ಏನೂ ಹಾಕೂದಲ್ಲ ಹುಚ್ಚಿ. ನನಗೂ ಯಾರೂ ಹೇಳಿರಲಿಲ್ಲ." ಕೋಚ್ ಗಂಡಸಾದ್ದರಿಂದ ನಾನು ಹೇಳಿರುತ್ತೇನೆ ಅಂದುಕೊಂಡಿದ್ದರು. ಸೈಕಲ್ ವಿಷಯ ಅವರದೆಂದು ನಾನು ಅವರ ಮೇಲೆ ಬಿಟ್ಟಿದ್ದೆ. ನಮ್ಮಿಬ್ಬರ ಮರ್ಯಾದೆಯ ನಡುವೆ ಅಕ್ಕನೂ ತಂಗಿಯೂ ಎರಡು ಬಟ್ಟೆಯ ಬೆವರಿನಲ್ಲಿ ಸವೆದಿದ್ದರು.

ದೊಡ್ಡವಳು ಹೊರಗೆ ಬಂದು, ತಂಗಿಯ ಬಿಬ್ಬಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದಳು. ಪ್ಯಾಡು ಅರ್ಧ ಇಂಚು ಮುಂದಾಗಿತ್ತು. ಕೂರುವ ಎಲುಬುಗಳು ಪ್ಯಾಡಿನ ದಪ್ಪ ಭಾಗದ ಮೇಲೆ ಬರದೆ ಹಿಂದೆ ಉಳಿದಿದ್ದವು. ಕಾಲಿನ ಸುತ್ತಳತೆಯಲ್ಲೂ ಸ್ವಲ್ಪ ಸಡಿಲವಿತ್ತು. ಇಪ್ಪತ್ತೆಂಟಕ್ಕೆ ಗೆರೆ ಎಳೆದರೂ ಕತ್ತರಿ ಹಾಕುವಾಗ ನನ್ನ ಕೈ ತನ್ನಷ್ಟಕ್ಕೆ ಒಂದು ನೂಲು ಆಚೆ ಹೋಗಿತ್ತು. ಇಪ್ಪತ್ತು ವರ್ಷದ ಚಾಳಿ.

ಮೂರನೆಯದನ್ನು ಹೊಲಿಯುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಒಂದೊಂದು ಹೊಲಿಗೆ ಮುಗಿದಾಗಲೂ ಬಟ್ಟೆಯ ಒಳಮಗ್ಗಲಿಗೆ ಹೆಬ್ಬೆರಳು ಓಡಿಸಿ ಹೂಂ ಅನ್ನುತ್ತಿದ್ದಳು. ಅವಳ ಹೂಂ ಬರುವತನಕ ನಾನು ಮುಂದಿನ ಹೊಲಿಗೆಗೆ ಹೋಗಲಿಲ್ಲ. ಹಾಕಿಸಿ ನೋಡಿದಾಗ ಕಾಲಿನ ಹಿಡಿತದ ಪಟ್ಟಿಯ ಅಡಿ ಒಂದು ಬೆರಳು ಕಷ್ಟಪಟ್ಟು ತೂರುತ್ತಿತ್ತು. ಮತ್ತೆ ಸೈಕಲ್, ಮತ್ತೆ ಪರದೆ. ಕೆಂಪು ಗೆರೆಯೊಂದು ಮೂಡಿದೆಯಂತೆ, ಚಹಾ ಕುಡಿದು ಮುಗಿಸುವುದರೊಳಗೆ ಮಾಯವಾಯಿತಂತೆ. ಮಾಯವಾಗುವುದು ಎಲಾಸ್ಟಿಕ್ಕಿನ ಗುರುತು, ಉಳಿಯುವುದು ತಪ್ಪಿನ ಗುರುತು. ಇದನ್ನೂ ಅವಳೇ ನನಗೆ ಹೇಳಿಕೊಟ್ಟಳು.

ಸಂಜೆ ತಾಯಿ ಕೆಲಸ ಮುಗಿಸಿ ಬಂದು ನೋಡಿದಳು. "ಬಾಳ ಬಿಗಿ ಆತಲ್ರಿ ಅಕ್ಕಾರ? ಬೆಳಿಯೋ ಹುಡುಗಿ."

"ಬೆಳದರ ಇನ್ನೊಂದ ಹೊಲೀತೀನವ್ವಾ. ಇದರಾಗ ಒಂದ ನೂಲೂ ಬಿಡೂದಿಲ್ಲ" ಅಂದೆ.

ಆಯ್ಕೆ ಮುಧೋಳ ರಸ್ತೆಯಲ್ಲಿ ನಡೆಯಿತು. ನಾನು ಹೋಗಲಿಲ್ಲ, ಹೋಗಲಾಗಲಿಲ್ಲ. ಮಷಿನ್ನಿನ ಮುಂದೆ ಕೂತು ಒಂದೇ ಹೊಲಿಗೆಯನ್ನು ಹಾಕಿ ಬಿಚ್ಚುತ್ತಿದ್ದೆ. ಮಧ್ಯಾಹ್ನ ಕೋಚ್ ಫೋನ್ ಮಾಡಿದರು. ಇಬ್ಬರನ್ನು ತೆಗೆದುಕೊಂಡರು, ಎರಡನೆಯವಳು ನಮ್ಮ ಹುಡುಗಿ. "ಇಳದ ಮ್ಯಾಲೆ ನೆಟ್ಟಗ ನಡಕೋತ ಬಂದ್ಲರೀ ಅಕ್ಕಾರ" ಅಂದರು. ಅದನ್ನು ಬೇರೆಯಾಗಿ ಹೇಳಬೇಕೆಂದು ಅವರಿಗೂ ಅನ್ನಿಸಿತ್ತು.

ಎರಡು ದಿನ ಬಿಟ್ಟು ದೊಡ್ಡವಳು ಪೇಡೆ ತಂದಳು. ನಾನು ಸ್ಟೂಲು ಒರೆಸಿ ಮುಂದಿಟ್ಟೆ. "ಇರ್ಲಿ ಬಿಡ್ರಿ" ಎಂದು ಅವಳು ಮತ್ತೆ ಗೋಡೆಗೆ ಒರಗಿದಳು.

"ಇನ್ನೂ ಸಿಟ್ಟ ಹೋಗಿಲ್ಲೇನವ್ವಾ? ನನ್ನ ಅಂಗಡ್ಯಾಗ ಕುಂಡ್ರೂದೂ ಬ್ಯಾಡಾತೇನ?"

"ಸಿಟ್ಟಲ್ರಿ ಆಂಟಿ" ಎಂದು ಅವಳು ಬೇರೆ ಕಡೆ ನೋಡಿದಳು.

ಆಗ ನನಗೆ ಸೀರೆ ಅಂಗಡಿಯ ಗಾದಿ ನೆನಪಾಯಿತು. ಎಲ್ಲರೂ ಕೂತಿದ್ದರು, ಇವಳೊಬ್ಬಳು ನಿಂತಿದ್ದಳು. ಇಲ್ಲಿ ಇಡೀ ದಿನ ನನ್ನ ಹೊಲಿಗೆ ನೋಡುತ್ತ ನಿಂತಿದ್ದಳು. ಈ ಸಲ ಸರಿಯಾದುದನ್ನೇ ಕೇಳಿದೆ.

"ಎಲ್ಲಿ ನೋಯತೈತಿ?"

ಅವಳ ಕೈ ಪೇಡೆಯ ಡಬ್ಬಿಯ ಮುಚ್ಚಳವನ್ನು ಹಾಕಿತು, ತೆಗೆಯಿತು, ಹಾಕಿತು.

"ಅಲ್ಲೇರಿ" ಅಂದಳು. "ಕುಂತರ. ಈಗೂ."

ಮೂರು ವರ್ಷ ನಾನು ಅವಳಿಗಾದದ್ದನ್ನು ಮುಗಿದುಹೋದ ತಪ್ಪೆಂದುಕೊಂಡು ಅವಳ ಮುಖಕ್ಕೆ ಹೆದರಿ ಬದುಕಿದ್ದೆ. ಅದು ಮುಗಿದಿರಲಿಲ್ಲ. ಗಾಯ ಒಳಗೇ ಗಂಟು ಕಟ್ಟಿಕೊಂಡು ಉಳಿದಿತ್ತು, ಆಗಾಗ ಕೀವು ಸೋರುತ್ತಿತ್ತು, ಅವಳು ಯಾರಿಗೂ ಹೇಳಿರಲಿಲ್ಲ.

ಮುಂದಿನ ರಜೆಯ ದಿನ ಅವಳನ್ನು ಜಮಖಂಡಿಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟೆ. ಮಧ್ಯಾಹ್ನದ ಬಸ್ಸು, ಅರ್ಧಕ್ಕರ್ಧ ಸೀಟು ಖಾಲಿ ಇದ್ದವು. ಅವಳು ಬಾಗಿಲ ಹತ್ತಿರದ ಕಂಬ ಹಿಡಿದು ನಿಂತಳು. ಕಂಡಕ್ಟರ್ ಎರಡು ಸಲ ಕೂರಿ ಅಂದ. ನಾನು ಅವಳ ಪಕ್ಕದಲ್ಲಿ ಅದೇ ಕಂಬ ಹಿಡಿದುಕೊಂಡು ಜಮಖಂಡಿಯತನಕ ನಿಂತೇ ಹೋದೆ.